ವಾಸಿಯಾಗದ ರೋಗಿಗೆ ನಿಜವನ್ನು ಹೇಳಬಹುದೋ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಯಾರಿಗಾದರೂ ದೊಡ್ಡ ರೋಗ ಬಂತೆಂದರೆ ಏನು ನಡೆಯುವದೆಂಬದನ್ನು ನೀವೆಲ್ಲರೂ ಬಲ್ಲಿರಿ. ರೋಗಿಯನ್ನು ಕೋಲಾರಕ್ಕೋ ಬೆಂಗಳೂರಿಗೋ, ಮುಳಬಾಗಿಲಿನ ಕಡೆಯವರಾದರೆ ಕೆಲವು ಸಾರಿ ವೆಲ್ಲೂರಿಗೋ ಕರೆದುಕೊಂಡು ಹೋಗುತ್ತಾರೆ. ಪರೀಕ್ಷೆಗಳೆಲ್ಲಾ ಮುಗಿದ ಮೇಲೆ ವೈದ್ಯರು ರೋಗಿಯನ್ನು ಹೊರಗಣ ಬೆಂಚಿನ ಮೇಲೆ ಕೂತಿರಹೇಳಿ, ಹಿರಿಯ ಮಗನನ್ನಾಗಲಿ ಅಳಿಯನನ್ನಾಗಲಿ ಒಳಗೆ ಕರೆಯುತ್ತಾರೆ. ಬಾಗಿಲು ಮುಚ್ಚುತ್ತದೆ. ಅದು ತಿರಿಗಿ ತೆರೆಯುವಷ್ಟರಲ್ಲಿ ಒಂದೇ ಮನೆಯವರು ಎರಡು ಪಾಲಾಗಿರುತ್ತಾರೆ. ಸಂಗತಿಯನ್ನು ತಿಳಿದವರೆಲ್ಲರೂ ಒಂದು ಕಡೆ, ಯಾರ ದೇಹದಲ್ಲಿ ಆ ವ್ಯಾಧಿಯು ಇರುವದೋ ಆ ಒಬ್ಬರು ಮಾತ್ರ ಇನ್ನೊಂದು ಕಡೆ. "ಡಾಕ್ಟರು ಏನಂದರಪ್ಪಾ?" ಎಂದು ತಾಯಿ ಕೇಳುವಳು. "ಏನಿಲ್ಲಮ್ಮಾ, ಹುಣ್ಣು ಸ್ವಲ್ಪ ಕೆಟ್ಟಿದೆ ಅಷ್ಟೇ, ಮಾತ್ರೆಗೆ ವಾಸಿಯಾಗುತ್ತದೆ" ಎಂದು ಮಗನು ಬೇರೆ ಕಡೆ ನೋಡುತ್ತಾ ಹೇಳುವನು.

ಊರಿಗೆ ಬಂದ ಮೇಲೆ ಆ ಸುದ್ದಿಯು ರೋಗಿಯ ಬೆನ್ನ ಹಿಂದೆ ಮನೆಯಿಂದ ಮನೆಗೆ ಸಂಚರಿಸುವದು. ಹಾಲಿನ ಡೈರಿಯ ಮುಂದೆ ನಿಂತವರಿಗೂ ಅದು ತಿಳಿಯುವದು. ಸಭಾಪಾಲಕರು ಪ್ರಾರ್ಥನೆಗೆ ಬಂದರೆ ಮನೆಯವರು ಬೀದಿಯಲ್ಲಿಯೇ ಅವರನ್ನು ತಡೆದು, "ಅಯ್ಯನವರೇ, ಅಮ್ಮನ ಮುಂದೆ ಏನೂ ಹೇಳಬೇಡಿರಿ, ಅವರು ತಡೆಯಲಾರರು" ಎಂದು ಕೈಮುಗಿಯುವರು. ಪಾಲಕರೂ ಒಪ್ಪಿಕೊಂಡು ಒಳಗೆ ಹೋಗಿ, ಶೀಘ್ರದಲ್ಲಿ ಎದ್ದು ದೇವಾಲಯಕ್ಕೆ ಬರುವಿರಿ ಎಂದು ಹೇಳಿ ಪ್ರಾರ್ಥಿಸಿ ಹೋಗುವರು. ಸುಳ್ಳು ಹೇಳುವದು ಪಾಪವೆಂದು ಭಾನುವಾರದ ಪಾಠಶಾಲೆಯಲ್ಲಿ ನಮ್ಮ ಮಕ್ಕಳಿಗೆ ಕಲಿಸುವ ನಾವು, ಸಾಯುವವರ ಹಾಸಿಗೆಯ ಬಳಿಯಲ್ಲಿ ಮಾತ್ರ ಅದನ್ನು ಧರ್ಮವೆಂದು ಎಣಿಸುತ್ತೇವೆ. ಇದು ಪ್ರೀತಿಯೋ, ಪಾಪವೋ? ಅಥವಾ ಎರಡೂ ಅಲ್ಲದೆ ಬರೀ ಭಯವೋ? ಈ ಪ್ರಶ್ನೆಯನ್ನು ಈ ತಿಂಗಳು ವಿಚಾರಿಸೋಣ.

ಇದು ನಮಗೆ ದೂರದ ಪ್ರಶ್ನೆಯಲ್ಲ. ನಮ್ಮ ಸೀಮೆಯಲ್ಲಿ ಬಾಯಿಯ ಕ್ಯಾನ್ಸರು ಬಹಳವಾಗಿ ಕಾಣುವದೆಂದೂ, ಎಲೆಅಡಿಕೆಯೊಂದಿಗೆ ಹೊಗೆಸೊಪ್ಪನ್ನು ದವಡೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವೇ ಅದಕ್ಕೆ ಮುಖ್ಯ ಕಾರಣವೆಂದೂ, ಹೆಂಗಸರು ಅದಕ್ಕೆ ಹೆಚ್ಚಾಗಿ ತುತ್ತಾಗುವರೆಂದೂ ಕೋಲಾರದ ಬಳಿಯ ತಮಕದಲ್ಲಿರುವ ದೇವರಾಜ ಅರಸು ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ಬರೆದಿದ್ದಾರೆ. ನೋವಿಲ್ಲದ ಹುಣ್ಣನ್ನು ಯಾರೂ ಲಕ್ಷಿಸುವದಿಲ್ಲ. ಮಾವಿನ ಕಾಯಿ ಕೊಯ್ಲು ಮುಗಿಯಲಿ, ರೇಷ್ಮೆಯ ಗೂಡು ಮಾರಿ ಬರಲಿ ಎಂದು ದಿನ ತಳ್ಳಿ, ಬಾಯಿ ತೆರೆಯಲಾಗದಂತಾದ ಮೇಲೆ ಆಸ್ಪತ್ರೆಗೆ ಹೊರಡುವವರು ಬಹು ಮಂದಿ. ಆಗ ವೈದ್ಯರ ಕೈಯಲ್ಲಿ ವಾಸಿಮಾಡುವ ಉಪಾಯವು ಕಡಿಮೆ. ಹೇಳಬೇಕಾದ ಮಾತೋ ಭಾರವಾದದ್ದು. 1876-78ರ ದೊಡ್ಡ ಬರಗಾಲದಲ್ಲಿ ಆನ್‌ಸ್ಟೀ ಅಮ್ಮನವರು ಕೋಲಾರದಲ್ಲಿ ಅನಾಥ ಮಕ್ಕಳನ್ನು ಕೂಡಿಸಿ ಸಾಕಿದಂದಿನಿಂದ, 1910ರಲ್ಲಿ ಎಲೆನ್ ಥೋಬರ್ನ್ ಕೋವೆನ್ ಆಸ್ಪತ್ರೆಯು ಸ್ಥಾಪಿತವಾದಂದಿನಿಂದ, ನಮ್ಮ ಸಭೆಗಳ ಚರಿತ್ರೆಯೂ ರೋಗಿಗಳ ಆರೈಕೆಯ ಚರಿತ್ರೆಯೂ ಒಂದಕ್ಕೊಂದು ಹೆಣೆದುಕೊಂಡೇ ಬಂದಿವೆ. ಆದಕಾರಣ ಈ ವಿಷಯದಲ್ಲಿ ವೈದ್ಯರು ತಮ್ಮ ಕೆಲಸ ನೋಡಿಕೊಳ್ಳಲಿ ಎಂದು ನಾವು ಸುಮ್ಮನಿರುವದು ಸರಿಯಾಗಲಾರದು.

ಮೊದಲು ಮುಚ್ಚಿಡುವವರ ಪಕ್ಷವನ್ನು ನ್ಯಾಯವಾಗಿ ಕೇಳೋಣ. ಅವರು ಕಟುಕರಲ್ಲ, ಹೆಚ್ಚಾಗಿ ಮನೆಯಲ್ಲಿ ಅತಿ ಹೆಚ್ಚು ಪ್ರೀತಿಸುವವರೇ ಮುಚ್ಚಿಡುವವರು. ಧೈರ್ಯ ಕುಂದಿದರೆ ದೇಹವೂ ಕುಂದುವದು, ಅನ್ನ ಸೇರದು, ನಿದ್ರೆ ಬಾರದು ಎಂಬದು ಅವರ ವಾದ. ಹಿಪ್ಪೋ ಪಟ್ಟಣದ ಅಧ್ಯಕ್ಷನಾಗಿದ್ದ ಅಗಸ್ಟೀನನು ಸುಮಾರು 420ರಲ್ಲಿ ಸುಳ್ಳಿಗೆ ವಿರೋಧವಾಗಿ ಬರೆದ ಪುಸ್ತಕದಲ್ಲಿ ಇದಕ್ಕೆ ಬಹು ಸಮೀಪವಾದ ಒಂದು ಸಂಗತಿಯನ್ನು ಎತ್ತಿಕೊಂಡಿದ್ದಾನೆ. ಒಬ್ಬ ತಂದೆಯು ಮರಣಕರವಾದ ರೋಗದಲ್ಲಿ ಬಿದ್ದಿದ್ದಾನೆ. ಅವನ ಒಬ್ಬನೇ ಮಗನು ಸತ್ತಿದ್ದಾನೆ. ಅದು ತಂದೆಗೆ ತಿಳಿಯದು. ನನ್ನ ಮಗನು ಬದುಕಿದ್ದಾನೆಯೇ ಎಂದು ಅವನು ಕೇಳಿದರೆ ಏನು ಹೇಳುವದು? ಇದ್ದಾನೆ ಎಂದರೂ ಸುಳ್ಳು, ತಿಳಿಯದು ಎಂದರೂ ಸುಳ್ಳು, ನಿಜವನ್ನು ಹೇಳಿದರೆ ಆ ಮಾತೇ ಅವನನ್ನು ಕೊಲ್ಲಬಹುದು. ಸುಳ್ಳನ್ನು ಯಾವ ಕಾರಣಕ್ಕೂ ಒಪ್ಪದ ಆ ಮಹಾಪಂಡಿತನು ಸಹ, ಈ ಸಂಗತಿಯನ್ನು ನೆನೆಸಿದರೆ ತನ್ನ ಮನಸ್ಸು ಬಲವಾಗಿ ಅಲುಗಾಡುವದೆಂದು ಒಪ್ಪಿಕೊಂಡಿದ್ದಾನೆ. ಅಂಥವನೇ ಅಲುಗಾಡಿದ್ದರೆ, ಆಸ್ಪತ್ರೆಯ ಮೆಟ್ಟಲಿನ ಮೇಲೆ ನಿಂತ ನಮ್ಮ ಹಳ್ಳಿಯ ಮಗನನ್ನು ಕಠಿಣವಾಗಿ ಜರಿಯಲು ನಾವು ಯಾರು?

ಅದಲ್ಲದೆ, ಮುಚ್ಚಿಡುವದು ನಮ್ಮ ದೇಶದವರ ಬಲಹೀನತೆಯೆಂದೂ, ನಿಜ ಹೇಳುವದು ಪಾಶ್ಚಾತ್ಯರ ಸ್ವಭಾವವೆಂದೂ ಕೆಲವರು ಹೇಳುವದುಂಟು. ಅದು ನಿಜವಲ್ಲ. ಹಿಪ್ಪೊಕ್ರಾತನ ಹೆಸರಿನಲ್ಲಿ ಬಂದಿರುವ ಗ್ರೀಕರ ಹಳೇ ವೈದ್ಯಗ್ರಂಥಗಳಲ್ಲಿಯೇ, ಬಹಳ ಸಂಗತಿಗಳನ್ನು ರೋಗಿಗೆ ತೋರಗೊಡದೆ ಇರಬೇಕೆಂಬ ಬೋಧನೆಯುಂಟು. ಅಮೆರಿಕದ ಷಿಕಾಗೋ ಪಟ್ಟಣದ ಒಂದು ಆಸ್ಪತ್ರೆಯ 219 ವೈದ್ಯರನ್ನು ಓಕೆನ್ ಎಂಬವರು ವಿಚಾರಿಸಿ 1961ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಕ್ಯಾನ್ಸರೆಂದು ರೋಗಿಗೆ ಹೇಳದಿರುವದೇ ಲೇಸೆಂದು ಅವರಲ್ಲಿ 100ಕ್ಕೆ 90 ಮಂದಿ ಅಭಿಪ್ರಾಯಪಟ್ಟರು. ಅದೇ ದೇಶದಲ್ಲಿ 1979ರಲ್ಲಿ ಇಂಥದೇ ಪ್ರಶ್ನೆಯನ್ನು ಕೇಳಿದಾಗ 100ಕ್ಕೆ 97 ಮಂದಿ ಹೇಳುವದೇ ಲೇಸೆಂದರು. ಹದಿನೆಂಟು ವರುಷಗಳಲ್ಲಿ ಒಂದು ದೇಶದ ವೈದ್ಯರೆಲ್ಲರ ಮನಸ್ಸು ಹೀಗೆ ತಿರುಗಿತು. ಮನುಷ್ಯರ ಹೃದಯವು ಅಷ್ಟರೊಳಗೆ ಬದಲಾಯಿತೆಂದು ನಾನು ನಂಬಲಾರೆನು, ಪದ್ಧತಿಯು ಬದಲಾಯಿತು. ಪದ್ಧತಿಯು ಬದಲಾಗುವಂಥದಾದರೆ ಅದನ್ನು ವಿಚಾರಿಸಿ ನೋಡಬಹುದು.

ನಮ್ಮ ಬೆಂಗಳೂರಿನಲ್ಲಿಯೂ ಈ ವಿಚಾರಣೆಯು ನಡೆದಿದೆ. ಮಾನಸಿಕ ರೋಗಗಳ ಆಸ್ಪತ್ರೆಯಾದ ನಿಮ್ಹಾನ್ಸಿನ ವೈದ್ಯರಾದ ಪ್ರಭಾ ಚಂದ್ರ, ಸಂತೋಷ ಚತುರ್ವೇದಿ ಮೊದಲಾದವರು, ಕ್ಯಾನ್ಸರಿಗೆ ಕಿರಣ ಚಿಕಿತ್ಸೆಯನ್ನು ಪಡೆಯಬೇಕಾಗಿದ್ದ ಸುಮಾರು ಮುನ್ನೂರು ರೋಗಿಗಳನ್ನು ಕುರಿತು 1998ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಮಗೆ ಇರುವದು ಇಂಥ ರೋಗವೆಂದು ತಿಳಿದವರು ಅರ್ಧಕ್ಕೆ ಸ್ವಲ್ಪ ಮೇಲ್ಪಟ್ಟು ಮಾತ್ರವೆಂದು ಕಂಡುಬಂತು. ಮಿಕ್ಕವರು ಯಾಕೆ ಬಂದಿದ್ದೇವೆಂಬದನ್ನು ಸರಿಯಾಗಿ ಅರಿಯದೆ ಆ ಯಂತ್ರದ ಕೆಳಗೆ ಮಲಗುವವರು. 2009ರಲ್ಲಿ ಇದೇ ಇಬ್ಬರು ಕೆನಡ ದೇಶದ ಒಬ್ಬ ವಿದ್ವಾಂಸರೊಂದಿಗೆ ಸೇರಿ, ವೈದ್ಯರೂ ಬಂಧುಗಳೂ ಒಂದಾಗಿ ರೋಗಿಯಿಂದ ನಿಜವನ್ನು ಮರೆಮಾಡುವ ಈ ಒಳಒಪ್ಪಂದದ ವಿಷಯವಾಗಿಯೇ ಒಂದು ಲೇಖನವನ್ನು ಬರೆದರು. ಇನ್ನು ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಕಡೇ ಕಾಲವನ್ನು ಕುರಿತು ವೈದ್ಯರ ಸಂಗಡ ಮುಂಚಿತವಾಗಿ ಮಾತಾಡಿದ ರೋಗಿಗಳು ಮಾತಾಡದವರಿಗಿಂತ ಹೆಚ್ಚಾಗಿ ಕುಗ್ಗಿಹೋಗಲಿಲ್ಲವೆಂದೂ, ಪ್ರಯೋಜನವಿಲ್ಲದ ಉಗ್ರ ಚಿಕಿತ್ಸೆಗಳಿಂದ ತಪ್ಪಿಸಿಕೊಂಡರೆಂದೂ ತೋರಿಬಂತು. ಅನ್ಯದೇಶದ ಲೆಕ್ಕವನ್ನು ನಮ್ಮ ಹಟ್ಟಿಗಳಿಗೆ ಹಾಗೆಯೇ ಅಳೆದು ಹಾಕಬಾರದು, ನಿಜ. ಆದರೂ ನಿಜವನ್ನು ಕೇಳಿದೊಡನೆ ರೋಗಿಯು ಮುರಿದು ಬೀಳುವನೆಂಬ ನಮ್ಮ ದೃಢನಂಬಿಕೆಗೆ ಆಧಾರವು ನಾವು ನೆನೆಸಿದಷ್ಟು ಗಟ್ಟಿಯಾದದ್ದಲ್ಲ.

ಅದಿರಲಿ; ರೋಗಿಯು ನಿಜವಾಗಿಯೂ ತಿಳಿಯದವನೋ? ಈ ಮಾತನ್ನು ಮನೆಯವರು ಶಾಂತವಾಗಿ ಯೋಚಿಸಬೇಕು. ಅವನ ದೇಹವು ಅವನಿಗೆ ರಾತ್ರಿಯೆಲ್ಲಾ ಹೇಳುತ್ತಲೇ ಇರುವದು. ಸೊಂಟದ ದಾರ ಸಡಿಲವಾದದ್ದನ್ನು ಅವನೇ ಮೊದಲು ಕಂಡವನು. ಎಂದೂ ಮಾತಾಡದಿದ್ದ ದಾಯಾದಿಯು ಕಿತ್ತಳೆಹಣ್ಣು ತಂದು ಕೊಡುತ್ತಾನೆ; ಪಟ್ಟಣದಲ್ಲಿರುವ ಮಗಳು ಹಬ್ಬವಿಲ್ಲದೆ ಬಂದು ನಿಲ್ಲುತ್ತಾಳೆ; ಗದರಿಸುತ್ತಿದ್ದ ಮಗನು ಮೆತ್ತಗೆ ಮಾತಾಡುತ್ತಾನೆ; ಪಾಲಕರ ಪ್ರಾರ್ಥನೆಯು ಮುಂಚಿಗಿಂತ ಉದ್ದವಾಗುತ್ತದೆ. ಇಷ್ಟನ್ನೂ ಕಂಡು ಅರ್ಥಮಾಡಿಕೊಳ್ಳದಷ್ಟು ಮಂದರು ನಮ್ಮ ಹಳ್ಳಿಯ ಮುದುಕರಲ್ಲಿ ಯಾರೂ ಇಲ್ಲ. ಹಸುವು ಮೇವು ಬಿಟ್ಟರೆ ಅದರ ಕಣ್ಣನ್ನು ನೋಡಿ ಸಂಗತಿ ಹೇಳುವವರು ಅವರು. ಹೀಗಿರಲಾಗಿ, ಅವರೂ ಮಕ್ಕಳ ಸಂತೋಷಕ್ಕೋಸ್ಕರ ಏನೂ ತಿಳಿಯದವರಂತೆ ನಟಿಸುತ್ತಾರೆ. ಮಗನು ಹಿತ್ತಲಲ್ಲಿ ಅಳುತ್ತಾನೆ. ತಾಯಿ ಗೋಡೆಯ ಕಡೆ ತಿರುಗಿ ಅಳುತ್ತಾಳೆ. ಒಬ್ಬರ ಕಣ್ಣೀರನ್ನು ಒಬ್ಬರು ಒರಸಬೇಕಾದ ದಿನಗಳಲ್ಲಿ, ಜೀವಮಾನವೆಲ್ಲಾ ಒಂದೇ ಗಂಗಳದಲ್ಲಿ ಉಂಡವರು ಪರದೇಶಿಗಳಂತೆ ಆಗಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಸುಳ್ಳಿನ ದೊಡ್ಡ ಕೇಡು ಒಂಬತ್ತನೇ ಆಜ್ಞೆಯನ್ನು ಮೀರಿದ್ದರಲ್ಲಿ ಅಷ್ಟಾಗಿ ಅಲ್ಲ, ಸಾಯುವವರನ್ನು ಸಾವಿಗೆ ಮುಂಚೆಯೇ ಒಂಟಿಯಾಗಿ ಬಿಡುವದರಲ್ಲಿದೆ.

ಸತ್ಯವೇದದಲ್ಲಿ ರೋಗಶಯ್ಯೆಯ ಮೇಲಿದ್ದ ಇಬ್ಬರು ಅರಸರ ಕಥೆಗಳು ಅರಸುಗಳ ಎರಡನೆಯ ಗ್ರಂಥದಲ್ಲಿವೆ. ಅವೆರಡನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಬೇಕೆಂದು ಬೇಡುತ್ತೇನೆ. ಇಪ್ಪತ್ತನೆಯ ಅಧ್ಯಾಯದಲ್ಲಿ ಹಿಜ್ಕೀಯನ ಬಳಿಗೆ ಪ್ರವಾದಿಯಾದ ಯೆಶಾಯನು ಹೋಗಿ, ನೀನು ಸಾಯುವಿ, ಮನೆಯ ಕಾರ್ಯವನ್ನು ವ್ಯವಸ್ಥೆಮಾಡಿಕೋ ಎಂಬ ಅರ್ಥದ ಮಾತನ್ನು ನೇರವಾಗಿ ಹೇಳಿದನು. ಅರಸನು ಗೋಡೆಯ ಕಡೆಗೆ ಮುಖ ತಿರುಗಿಸಿ ಬಹಳವಾಗಿ ಅತ್ತನು, ಪ್ರಾರ್ಥಿಸಿದನು. ಹದಿನೈದು ವರುಷಗಳು ಅವನಿಗೆ ಕೂಡಿಸಲ್ಪಟ್ಟವು. ಅಂಜೂರದ ಉಂಡೆಯನ್ನು ಹುಣ್ಣಿಗೆ ಕಟ್ಟುವ ಔಷಧವೂ ಹೇಳಲ್ಪಟ್ಟಿತು. ಯೆಶಾಯನು ದಾಕ್ಷಿಣ್ಯಕ್ಕೆ ಒಳಗಾಗಿ, ಸ್ವಲ್ಪ ಹುಣ್ಣು ಕೆಟ್ಟಿದೆ ಅಷ್ಟೇ ಎಂದು ಹೇಳಿ ಹೊರಟುಹೋಗಿದ್ದರೆ, ಆ ಕಣ್ಣೀರಾದರೂ ಆ ಪ್ರಾರ್ಥನೆಯಾದರೂ ಎಲ್ಲಿಂದ ಬರುತ್ತಿತ್ತು? ಎಂಟನೆಯ ಅಧ್ಯಾಯದ ಬೆನ್ಹದದನ ಕಥೆಯು ಬೇರೆ ರೀತಿಯದು. ದಮಸ್ಕದ ಆ ಅರಸನು ತನ್ನ ಸೇವಕನಾದ ಹಜಾಯೇಲನನ್ನು ಎಲೀಷನ ಬಳಿಗೆ ಕಳುಹಿಸಿ, ಬದುಕುವೆನೋ ಎಂದು ಕೇಳಿಸಿದನು. ಅರಸನು ಸಾಯುವನೆಂದು ಪ್ರವಾದಿಯ ಬಾಯಿಂದಲೇ ತಿಳಿದು ಬಂದ ಹಜಾಯೇಲನು, ವಾಸಿಯಾಗುವಿ ಎಂಬ ಮಾತನ್ನು ಮಾತ್ರ ಅರಸನಿಗೆ ತಲಪಿಸಿ, ಮರುದಿನ ಒದ್ದೆಬಟ್ಟೆಯನ್ನು ಅವನ ಮುಖದ ಮೇಲೆ ಹಾಕಿ ಸಾಯಿಸಿ ಸಿಂಹಾಸನವನ್ನು ಏರಿದನು. ಆ ಮಾತನ್ನು ಎಲೀಷನೇ ಹೇಳಿಕಳುಹಿಸಿದ್ದು ಯಾಕೆಂದು ವ್ಯಾಖ್ಯಾನಕಾರರು ಚರ್ಚಿಸಿದ್ದಾರೆ. ಆ ಚರ್ಚೆಗೆ ಇಲ್ಲಿ ಸ್ಥಳವಿಲ್ಲ. ಸಿಹಿಮಾತು ತಂದವನಿಗೆ ಅದರಿಂದ ಲಾಭವಿತ್ತು ಎಂಬದನ್ನು ಮಾತ್ರ ಗಮನಿಸಿರಿ. ತಿಳಿಯದೆ ಮಲಗಿರುವ ಮುದುಕನ ಹೆಬ್ಬೆಟ್ಟನ್ನು ಯಾವ ಯಾವ ಕಾಗದಗಳಿಗೆ ಒತ್ತಿಸಿಕೊಂಡಿದ್ದಾರೆಂಬದು ನಮ್ಮ ತಾಲ್ಲೂಕು ಕಚೇರಿಗಳ ಮುಂದೆ ಕೂತ ಪತ್ರಬರಹಗಾರರಿಗೆ ಚೆನ್ನಾಗಿ ಗೊತ್ತು.

ಮನೆಯ ಕಾರ್ಯದ ವ್ಯವಸ್ಥೆ ಎಂಬದು ನಮ್ಮ ಜನರಿಗೆ ಅರಸನ ಭಂಡಾರದ ಮಾತಲ್ಲ. ಬಾಯಿಮಾತಿನ ಮೇಲೆ ಕೊಟ್ಟ ಸಾಲ, ಸ್ವಸಹಾಯ ಸಂಘದ ಕಂತು, ಅಣ್ಣತಮ್ಮಂದಿರ ನಡುವೆ ಅಳತೆಯಾಗದ ಬದು, ಹತ್ತು ವರುಷದಿಂದ ಮಾತು ಬಿಟ್ಟ ತಂಗಿ, ಹೆಣ್ಣುಮಗಳಿಗೆ ಕೊಡುತ್ತೇನೆಂದ ಓಲೆ, ಯಾವ ಸಮಾಧಿಯ ಪಕ್ಕದಲ್ಲಿ ತನ್ನನ್ನು ಇಡಬೇಕೆಂಬ ಆಶೆ, ಕಡೇ ಸಾರಿ ಕರ್ತನ ಭೋಜನವನ್ನು ಬುದ್ಧಿ ಸ್ವಾಧೀನದಲ್ಲಿರುವಾಗಲೇ ತೆಗೆದುಕೊಳ್ಳುವ ಬಯಕೆ, ಇವೇ ಆ ಕಾರ್ಯಗಳು. ಯಾಕೋಬನು ಹಾಸಿಗೆಯ ಮೇಲೆ ಎದ್ದು ಕೂತು ಮೊಮ್ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದ್ದು ತನ್ನ ಕಾಲ ಬಂತೆಂದು ತಿಳಿದದ್ದರಿಂದಲೇ. ನಮ್ಮ ಮನೆಗಳ ಯಾಕೋಬರಿಗೆ ನಾವು ಆ ಅಧಿಕಾರವನ್ನು ಕೊಡುವದಿಲ್ಲ.

ಹಣದ ಮಾತನ್ನೂ ಬಿಡಬಾರದು, ಯಾಕಂದರೆ ಬಡವರಿಗೆ ಅದು ಕೀಳಾದ ಮಾತಲ್ಲ. ವಾಸಿಯಾಗದೆಂದು ವೈದ್ಯರು ಮಗನಿಗೆ ಹೇಳಿದ್ದಾರೆ. ಮಗನು ಅದನ್ನು ಹೇಳಲಾರದೆ, ಪ್ರಯತ್ನ ಮಾಡಲಿಲ್ಲವೆಂದು ನಾಲ್ಕು ಜನ ಆಡಿಕೊಳ್ಳುವರೆಂದು ಅಂಜಿ, ಇನ್ನೊಂದು ಆಸ್ಪತ್ರೆಗೆ, ಅಲ್ಲಿಂದ ಮತ್ತೊಂದಕ್ಕೆ ಅಲೆಯುವನು. ಸೀಮೆಹಸು ಹೋಗುವದು, ಆಮೇಲೆ ಮಾವಿನ ತೋಪು ಅಡವಿಗೆ ಬೀಳುವದು. ಮೊಮ್ಮಗಳ ಕಾಲೇಜಿಗೆಂದು ಇಟ್ಟದ್ದು ಔಷಧದ ಅಂಗಡಿಗೆ ಹೋಗುವದು. ಆ ಮುದುಕಿಯನ್ನು ಒಂದು ಮಾತು ಕೇಳಿದ್ದರೆ, "ಬೇಡಪ್ಪಾ, ತೋಪು ಮಕ್ಕಳಿಗಿರಲಿ; ನನ್ನನ್ನು ಮನೆಗೆ ಕರೆದುಕೊಂಡು ಹೋಗು" ಎನ್ನುತ್ತಿದ್ದಳು. ಅವಳಿಗೋಸ್ಕರವೇ ಎಲ್ಲವನ್ನೂ ಮಾರಿದರು. ಅವಳನ್ನು ಮಾತ್ರ ಕೇಳಲಿಲ್ಲ. ದೇಶದ ನ್ಯಾಯವು ಈಗ ಈ ಕೇಳುವಿಕೆಗೆ ಬೆಲೆ ಕೊಟ್ಟಿದೆ. ವಾಸಿಯಾಗುವ ನಿರೀಕ್ಷೆಯಿಲ್ಲದ ಕಾಲದಲ್ಲಿ ಯಂತ್ರಗಳಿಂದ ತನ್ನ ಉಸಿರನ್ನು ಎಳೆದು ಉದ್ದಮಾಡಬಾರದೆಂದು, ಸ್ವಸ್ಥಬುದ್ಧಿಯುಳ್ಳವನು ಮುಂಚಿತವಾಗಿ ಬರೆದಿಡಬಹುದೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. 2023ರಲ್ಲಿ ಅದರ ಕ್ರಮವನ್ನು ಸುಲಭಗೊಳಿಸಿತು. 2025ರ ಜನವರಿಯಲ್ಲಿ ನಮ್ಮ ಕರ್ನಾಟಕ ಸರ್ಕಾರವು ಅದನ್ನು ನಡಿಸುವದಕ್ಕೆ ಆಜ್ಞೆ ಹೊರಡಿಸಿತು. ಇದು ಪ್ರಾಣವನ್ನು ತೆಗೆಯುವ ಅಪ್ಪಣೆಯಲ್ಲ. ಆ ಭೇದವನ್ನು ಸಭೆಗಳಲ್ಲಿ ವಿವರಿಸಬೇಕಾಗಿದೆ. ಆದರೆ ತನಗೆ ಏನಾಗಿದೆಯೆಂದೇ ತಿಳಿಯದವನಿಗೆ ಇಂಥ ಹಕ್ಕಿನಿಂದ ಏನು ಫಲ?

ಇಷ್ಟು ಹೇಳಿದ್ದರಿಂದ, ನಾಳೆಯೇ ಹೋಗಿ ರೋಗಿಯ ಮುಖಕ್ಕೆ ಸತ್ಯವನ್ನು ಎಸೆಯಿರಿ ಎಂದು ನಾನು ಹೇಳಿದೆನೆಂದು ಯಾರೂ ತಿಳಿಯಬಾರದು. ಸತ್ಯವನ್ನು ಕಲ್ಲಿನಂತೆ ಬೀಸುವವರೂ ಉಂಟು. ಹಾಸಿಗೆಗಳ ನಡುವೆ ನಿಂತುಕೊಂಡು, ನಾಲ್ಕು ಮಂದಿ ವಿದ್ಯಾರ್ಥಿಗಳ ಮುಂದೆ, ಇಂಗ್ಲಿಷಿನಲ್ಲಿ ಒಂದು ಹೆಸರನ್ನು ಉಚ್ಚರಿಸಿ ಮುಂದಿನ ಹಾಸಿಗೆಗೆ ನಡೆದುಬಿಡುವದು ಸತ್ಯವನ್ನು ಹೇಳಿದಂತಾಗುವದಿಲ್ಲ. ಸತ್ಯವನ್ನು ಪ್ರೀತಿಯಿಂದ ಕೂಡಿದ್ದಾಗಿ ನುಡಿಯಬೇಕೆಂದು ಪೌಲನು ಎಫೆಸದವರಿಗೆ ಬೋಧಿಸಿದ್ದಾನೆ. ಆಶ್ಚರ್ಯವೇನಂದರೆ, ಈ ಕಾಲದ ವೈದ್ಯಶಾಸ್ತ್ರವು ತನ್ನ ಸ್ವಂತ ದಾರಿಯಿಂದ ಹೋಗಿ ಅಲ್ಲಿಗೇ ಬಂದು ಸೇರಿದೆ. ಅಮೆರಿಕದ ಬೈಲ್, ಕೆನಡದ ಬಕ್ಮನ್ ಮೊದಲಾದ ವೈದ್ಯರು ಕೆಟ್ಟ ಸುದ್ದಿಯನ್ನು ತಿಳಿಸುವ ಕ್ರಮವನ್ನು 2000ದಲ್ಲಿ ಆರು ಮೆಟ್ಟಲುಗಳಾಗಿ ಬರೆದರು. ಅದರಲ್ಲಿ ಸುದ್ದಿಯನ್ನು ಹೇಳುವದು ನಾಲ್ಕನೆಯ ಮೆಟ್ಟಲು! ಮೊದಲು ಮರೆಯಾದ ಸ್ಥಳದಲ್ಲಿ ಕೂತುಕೊಳ್ಳಬೇಕು. ಆಮೇಲೆ ರೋಗಿಯು ತನ್ನ ವಿಷಯವಾಗಿ ಏನು ತಿಳಿದಿದ್ದಾನೆಂದು ಕೇಳಬೇಕು. ಆಮೇಲೆ ಎಷ್ಟು ತಿಳಿಯಲು ಇಷ್ಟಪಡುತ್ತಾನೆಂದು ಕೇಳಬೇಕು. ಎಲ್ಲವನ್ನೂ ಹೇಳಿರಿ ಎಂದವನಿಗೆ ಹೇಳಬೇಕು. ನನ್ನ ಮಗನಿಗೆ ಹೇಳಿರಿ, ನನಗೆ ಬೇಡ ಎಂದವನನ್ನು ಬಲಾತ್ಕರಿಸಬಾರದು. ಹಾಗೆ ಬೇಡವೆನ್ನುವವರೂ ನಮ್ಮಲ್ಲಿದ್ದಾರೆ, ಅದು ಅವರ ಸ್ವಾತಂತ್ರ್ಯ. ಆದರೆ ಬೇಡವೆಂದು ಹೇಳಬೇಕಾದವನು ರೋಗಿಯೇ ಹೊರತು ಅವನ ಬದಲಾಗಿ ನಾವಲ್ಲ. ನಮ್ಮ ದೇಶದ ವೈದ್ಯ ವಿದ್ಯಾರ್ಥಿಗಳಿಗೂ 2019ರಿಂದ ರೋಗಿಯೊಂದಿಗೆ ಮಾತಾಡುವ ರೀತಿಯನ್ನು ಪಾಠವಾಗಿಯೇ ಕಲಿಸುತ್ತಿದ್ದಾರೆ. ಬೆಳಿಗ್ಗೆಯಿಂದ ನೂರು ಚೀಟಿಗಳನ್ನು ನೋಡಬೇಕಾದ ವೈದ್ಯರಿಗೆ ಕೂತು ಮಾತಾಡಲು ವೇಳೆ ಎಲ್ಲಿ ಎಂಬದು ಬೇರೆ ಪ್ರಶ್ನೆ. ಅದನ್ನು ವೈದ್ಯರ ತಲೆಗೆ ಮಾತ್ರ ಕಟ್ಟುವದು ಅನ್ಯಾಯ.

ನಮ್ಮ ಸೀಮೆಯಲ್ಲಿ ಭಾಷೆಯ ತೊಡಕೂ ಒಂದುಂಟು. ಮನೆಯಲ್ಲಿ ತೆಲುಗು, ದೇವಾಲಯದಲ್ಲಿ ಕನ್ನಡ, ಕೆ.ಜಿ.ಎಫ್. ಕಡೆಯ ನೆಂಟರೊಂದಿಗೆ ತಮಿಳು, ಆಸ್ಪತ್ರೆಯ ಕಾಗದದಲ್ಲಿ ಇಂಗ್ಲಿಷು. ಮುಳಬಾಗಿಲಿನ ಅಜ್ಜಿಯು ತನ್ನ ನೋವನ್ನು ತೆಲುಗಿನಲ್ಲಿಯೇ ಅಳಬಲ್ಲಳು. ನಡುವೆ ನಿಂತು ತರ್ಜುಮೆ ಮಾಡುವವನು ಹೆಚ್ಚಾಗಿ ಮೊಮ್ಮಗನೋ ಉಪದೇಶಿಯೋ ಆಗಿರುವನು. ಅಂಥವನು ವೈದ್ಯರು ಹೇಳಿದ್ದನ್ನು ಅರ್ಧ ನುಂಗಿ, ರೋಗಿಯು ಕೇಳಿದ್ದನ್ನು ಪೂರ್ತಿ ನುಂಗಿ, "ಎಲ್ಲಾ ಸರಿಹೋಗುತ್ತದಂತೆ" ಎಂದುಬಿಟ್ಟರೆ, ಇಬ್ಬರು ಪ್ರಾಮಾಣಿಕರ ನಡುವೆ ಒಂದು ಗೋಡೆಯನ್ನು ಕಟ್ಟಿದವನಾಗುತ್ತಾನೆ. ಉಪದೇಶಿಗಳು ಇದನ್ನು ತಮ್ಮ ಕೆಲಸದ ಭಾಗವೆಂದೇ ಎಣಿಸಿ ಭಯಭಕ್ತಿಯಿಂದ ಮಾಡಬೇಕು.

ಇನ್ನೊಂದು ಸುಳ್ಳಿದೆ, ಅದು ವಾಸಿಯಾಗುತ್ತದೆ ಎಂಬ ಸುಳ್ಳಿಗಿಂತಲೂ ಕ್ರೂರವಾದದ್ದು. "ಇನ್ನು ಮಾಡುವದಕ್ಕೆ ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿರಿ" ಎಂಬದೇ ಅದು. ಮಾಡುವದಕ್ಕೆ ಬಹಳ ಇದೆ. ಇಂಗ್ಲೆಂಡಿನಲ್ಲಿ ದಾದಿಯಾಗಿಯೂ ಆಮೇಲೆ ವೈದ್ಯಳಾಗಿಯೂ ಸೇವೆಮಾಡಿದ ಸಿಸಿಲಿ ಸಾಂಡರ್ಸ್ ಎಂಬ ಕ್ರೈಸ್ತ ಮಹಿಳೆಯು, ಪೋಲೆಂಡಿನಿಂದ ಓಡಿಬಂದಿದ್ದ ಡೇವಿಡ್ ಟಾಸ್ಮಾ ಎಂಬ ಯೆಹೂದ್ಯನು ದಿಕ್ಕಿಲ್ಲದೆ ಲಂಡನ್ನಿನಲ್ಲಿ ಸಾಯುವದನ್ನು 1948ರಲ್ಲಿ ಕಂಡಳು. ಸಾಯುವವರಿಗಾಗಿ ಅವಳು ಕಟ್ಟಲಿರುವ ಮನೆಯಲ್ಲಿ ಒಂದು ಕಿಟಕಿಯಾಗಲಿ ಎಂದು ಅವನು 500 ಪೌಂಡುಗಳನ್ನು ಬಿಟ್ಟುಹೋದನು. ಆ ಮನೆಯು ಸಂತ ಕ್ರಿಸ್ಟಫರನ ಹೆಸರಿನಲ್ಲಿ 1967ರಲ್ಲಿ ತೆರೆಯಲ್ಪಟ್ಟಿತು. ರೋಗಿಯ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದೂ ಮನೆಯವರದೂ ಆತ್ಮದ್ದೂ ಸೇರಿ ಒಂದೇ ನೋವಾಗಿರುವದೆಂದು ಆಕೆ ಕಲಿಸಿದಳು. ಈ ಆರೈಕೆಯನ್ನು ನಮ್ಮ ಭಾಷೆಯಲ್ಲಿ ಉಪಶಮನ ಶುಶ್ರೂಷೆ ಎನ್ನುತ್ತಾರೆ. ಅದು ಕೈಬಿಟ್ಟವರಿಗೆ ಕೊಡುವ ಭಿಕ್ಷೆಯೆಂದು ಎಣಿಸಬೇಡಿರಿ. ಅಮೆರಿಕದ ಬಾಸ್ಟನ್ ಪಟ್ಟಣದಲ್ಲಿ ಶ್ವಾಸಕೋಶದ ಕ್ಯಾನ್ಸರು ಬಲಿತಿದ್ದ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಚಿಕಿತ್ಸೆಯ ಸಂಗಡವೇ ಈ ಶುಶ್ರೂಷೆಯನ್ನೂ ಮೊದಲಿನಿಂದ ಪಡೆದವರು ಹೆಚ್ಚು ನೆಮ್ಮದಿಯಿಂದಿದ್ದದ್ದು ಮಾತ್ರವಲ್ಲ, ಹೆಚ್ಚು ಕಾಲ ಬದುಕಿದರು ಸಹ. ಮಧ್ಯಮ ಲೆಕ್ಕದಲ್ಲಿ ಇವರದು 11.6 ತಿಂಗಳು, ಮಿಕ್ಕವರದು 8.9 ತಿಂಗಳು.

ನಮ್ಮ ದೇಶದಲ್ಲಿ ಇಂಥ ಮೊದಲನೆಯ ಮನೆಯು 1986ರಲ್ಲಿ ಮುಂಬಯಿಯಲ್ಲಿ ಶಾಂತಿ ಅವೇದನಾ ಎಂಬ ಹೆಸರಿನಿಂದ ಆರಂಭವಾಯಿತು. 1993ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ವೈದ್ಯರಾದ ರಾಜಗೋಪಾಲ್, ಸುರೇಶ್ ಕುಮಾರ್ ಮೊದಲಾದವರು ಆರಂಭಿಸಿದ ಸಂಘದಿಂದ, ನೆರೆಹೊರೆಯವರೇ ಮನೆಮನೆಗೆ ಹೋಗಿ ಇಂಥ ರೋಗಿಗಳನ್ನು ನೋಡಿಕೊಳ್ಳುವ ಪದ್ಧತಿಯು ಆ ಸೀಮೆಯಲ್ಲೆಲ್ಲಾ ಹಬ್ಬಿತು. ನಮಗೆ ಸಮೀಪದಲ್ಲಿ, ಬೆಂಗಳೂರಿನ ಮಾರತಹಳ್ಳಿಯ ಕಡೆ ಕರುಣಾಶ್ರಯವಿದೆ; 1994ರಲ್ಲಿ ಕೂಡಿದ ಒಂದು ಧರ್ಮಸಂಸ್ಥೆಯು ಅದನ್ನು ನಡಿಸುತ್ತದೆ; ವಾಸಿಯಾಗದ ಹಂತದ ಕ್ಯಾನ್ಸರು ರೋಗಿಗಳನ್ನು ಅಲ್ಲಿ ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಮಾಲೂರಿನವರಿಗೆ ಅದು ದೂರದ ದಾರಿಯೇನೂ ಅಲ್ಲ. ಆದರೆ ರೋಗಿಗೆ ಸಂಗತಿಯನ್ನು ತಿಳಿಸದ ಮನೆಯವರು ಅಂಥ ಸ್ಥಳಕ್ಕೆ ಅವನನ್ನು ಏನೆಂದು ಹೇಳಿ ಕರೆದುಕೊಂಡು ಹೋದಾರು?

ನೋವಿನ ಔಷಧದ ವಿಷಯದಲ್ಲಿ ವಿಶ್ವಾಸಿಗಳಲ್ಲಿರುವ ಒಂದು ಸಂಶಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಫೀಮಿನಿಂದ ತೆಗೆದ ಮಾರ್ಫಿನ್ ಎಂಬ ಔಷಧವು ಕ್ಯಾನ್ಸರಿನ ಕಠಿಣ ನೋವನ್ನು ಹಿಡಿದು ನಿಲ್ಲಿಸುವದರಲ್ಲಿ ಬಹು ಪ್ರಯೋಜನವಾದದ್ದೆಂದು ಜಗತ್ತಿನ ಆರೋಗ್ಯ ಸಂಸ್ಥೆಯು 1986ರಲ್ಲಿಯೇ ಕ್ರಮ ತೋರಿಸಿತು. ಆದರೆ 1985ರ ಕಾನೂನಿನ ಬಿಗಿಯಿಂದಾಗಿ, ಅಫೀಮನ್ನು ಸರ್ಕಾರದ ಅಪ್ಪಣೆಯಿಂದಲೇ ಬೆಳೆಯುವ ಈ ದೇಶದಲ್ಲಿ ಅದರ ಔಷಧವು ನಮ್ಮ ರೋಗಿಗಳಿಗೆ ಸಿಕ್ಕದೆಹೋಯಿತು. 2014ರಲ್ಲಿ ಕಾನೂನನ್ನು ತಿದ್ದಿದರು. ಮನಸ್ಸುಗಳು ಇನ್ನೂ ತಿದ್ದಲ್ಪಡಬೇಕಾಗಿದೆ. ಗೊಲ್ಗೊಥದಲ್ಲಿ ಕರ್ತನು ರಕ್ತಬೋಳ ಬೆರಸಿದ ದ್ರಾಕ್ಷಾರಸವನ್ನು ಕುಡಿಯಲೊಲ್ಲದೆ ನೋವನ್ನು ತಾಳಿದನಲ್ಲಾ, ನಾವು ಹೇಗೆ ತೆಗೆದುಕೊಳ್ಳೋಣ ಎಂದು ಕೆಲವರು ಕೇಳುತ್ತಾರೆ. ಕರ್ತನು ಅಲ್ಲಿ ಕುಡಿದದ್ದು ನಮ್ಮೆಲ್ಲರಿಗೋಸ್ಕರವಾದ ಬೇರೊಂದು ಪಾತ್ರೆಯನ್ನು. ಅದನ್ನು ಇನ್ನೊಮ್ಮೆ ಕುಡಿಯುವಂತೆ ಯಾವ ಮುದುಕಿಯನ್ನೂ ಆತನು ಕರೆದಿಲ್ಲ. ಗಾಯಗೊಂಡವನಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದ ಸಮಾರ್ಯದವನನ್ನು ಆತನೇ ನಮಗೆ ಮಾದರಿಯಾಗಿ ತೋರಿಸಿದನು. ವೈದ್ಯರು ಅಳೆದು ಕೊಟ್ಟ ಮಾರ್ಫಿನನ್ನು ನೋವಿಗಾಗಿ ತೆಗೆದುಕೊಳ್ಳುವದು ಕುಡುಕತನವಲ್ಲ. ನೋವಿನಿಂದ ಕೂಗುವವನಿಗೆ ಸತ್ಯವನ್ನು ಹೇಳಲೂ ಆಗದು, ಅವನ ಮಾತನ್ನು ಕೇಳಲೂ ಆಗದು. ಮೊದಲು ನೋವು ಇಳಿಯಬೇಕು.

ಪ್ರಾರ್ಥನೆಯ ವಿಷಯದಲ್ಲಿಯೂ ಒಂದು ಮಾತು ಅಗತ್ಯ. ಊರೂರಿಗೆ ಬಂದು ಪಂದಲು ಹಾಕಿ, ರೋಗದ ಹೆಸರನ್ನು ಹೇಳುವದೇ ಅವಿಶ್ವಾಸವೆಂದೂ, ನಂಬಿಕೆಯಿದ್ದರೆ ವಾಸಿಯಾಗಲೇಬೇಕೆಂದೂ ಬೋಧಿಸುವವರು ಹೆಚ್ಚಿದ್ದಾರೆ. ದೇವರು ವಾಸಿಮಾಡಲಾರನೆಂದು ನಾನು ಹೇಳುವದಿಲ್ಲ. ಹಿಜ್ಕೀಯನ ದೇವರು ಈಗಲೂ ದೇವರೇ. ಆದರೆ ಆ ಬೋಧನೆಯನ್ನು ಕೇಳಿ ವಾಸಿಯಾಗದವನು, ರೋಗದ ಭಾರದ ಮೇಲೆ ತನಗೆ ನಂಬಿಕೆ ಸಾಲದೆಂಬ ಭಾರವನ್ನೂ ಹೊತ್ತು ಸಾಯುವನು. ತನ್ನ ಶಿಷ್ಯರಿಗೆ ತನ್ನ ಮರಣದ ಸಂಗತಿಯನ್ನು ಮೂರು ಸಾರಿ ಬಿಚ್ಚಿಹೇಳಿದವನು ಕರ್ತನು. ಹಾಗಾಗಬಾರದು ಎಂದು ಮಾತನ್ನು ಅಡ್ಡಗಟ್ಟಿದವನು ಪೇತ್ರನು. ಯಾರಿಗೆ ಗದರಿಕೆಯಾಯಿತೆಂಬದನ್ನು ನೀವು ಬಲ್ಲಿರಿ. ಗೆತ್ಸೇಮನೆಯಲ್ಲಿ ಆತನು ಶಿಷ್ಯರಿಂದ ಬೇಡಿಕೊಂಡದ್ದು ಎಚ್ಚರವಾಗಿ ತನ್ನ ಸಂಗಡ ಇರುವದನ್ನೇ. ಜಾನ್ ವೆಸ್ಲಿಯವರೂ ರೋಗಿಗಳ ದರ್ಶನವನ್ನು ಕುರಿತು 1786ರಲ್ಲಿ ಬರೆದ ಪ್ರಸಂಗದಲ್ಲಿ, ಸಹಾಯವನ್ನು ಕಳುಹಿಸುವದು ಬೇರೆ, ತಾನೇ ಹೋಗಿ ಕಣ್ಣಾರೆ ನೋಡುವದು ಬೇರೆ ಎಂದು ವಿವರಿಸಿದ್ದಾರೆ. ಯೋಬನ ಸ್ನೇಹಿತರು ಏಳು ದಿನ ಮೌನವಾಗಿ ನೆಲದ ಮೇಲೆ ಅವನ ಸಂಗಡ ಕೂತಿದ್ದಷ್ಟು ಕಾಲ ಒಳ್ಳೇ ಸ್ನೇಹಿತರಾಗಿಯೇ ಇದ್ದರು. ಬಾಯಿ ತೆರೆದ ಮೇಲೆ ಕೆಟ್ಟರು.

ಕಡೆಗೆ, ಈ ಪ್ರಶ್ನೆಯು ನಿಜವಾಗಿ ಯಾರ ಮುಂದೆ ಬರುವದೆಂಬದನ್ನು ಯೋಚಿಸಿದ್ದೀರೋ? ವೈದ್ಯರ ಕೋಣೆಗೆ ಕರೆಯಲ್ಪಟ್ಟವನು ಮಗನು. ಆದರೆ ರೋಗಿಯು ಕೇಳುವದು ಅವನನ್ನಲ್ಲ. ಅವನು ಹೊಲಕ್ಕೋ ಕಾರ್ಖಾನೆಗೋ ಹೋಗಿರುತ್ತಾನೆ. ರಾಗಿ ಅಂಬಲಿಯನ್ನು ಚಮಚದಲ್ಲಿ ಕುಡಿಸುವವಳು, ಹುಣ್ಣನ್ನು ತೊಳೆಯುವವಳು, ಮಧ್ಯರಾತ್ರಿಯಲ್ಲಿ ಎದ್ದು ಮಗ್ಗುಲು ತಿರುಗಿಸುವವಳು ಸೊಸೆ. ಆ ಕೋಣೆಯೊಳಗೆ ಅವಳನ್ನು ಯಾರೂ ಕರೆಯಲಿಲ್ಲ. ಏನು ಹೇಳಬೇಕು, ಏನು ಹೇಳಬಾರದು ಎಂಬ ಆಜ್ಞೆಯನ್ನು ಮಾತ್ರ ಅವಳಿಗೆ ಕೊಟ್ಟಿದ್ದಾರೆ. ಮನೆಯೆಲ್ಲಾ ಮಲಗಿರುವಾಗ, "ನಾನು ಉಳಿಯುತ್ತೇನೇನಮ್ಮಾ?" ಎಂಬ ಮಾತು ಅವಳ ಕಿವಿಗೇ ಬೀಳುವದು. ಅಂಥ ಸಹೋದರಿಯರು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ, ಅವರಿಗೋಸ್ಕರವೇ ಇದನ್ನು ವಿಶೇಷವಾಗಿ ಬರೆದೆನು. ಆ ಗಳಿಗೆಯಲ್ಲಿ ಹೌದು ಎನ್ನಬೇಕಾಗಿಲ್ಲ, ಇಲ್ಲ ಎನ್ನಬೇಕಾಗಿಲ್ಲ. ಬಟ್ಟಲನ್ನು ಕೆಳಗಿಟ್ಟು, ಹಾಸಿಗೆಯ ಅಂಚಿನಲ್ಲಿ ಕೂತು, "ನಿಮಗೆ ಹೇಗನ್ನಿಸುತ್ತದೆ ಅತ್ತೇ?" ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಏಳದೆ ಇರಬಹುದು.